ವೀ: ಕೈ ಬೀಸಿದರೆ ಆಡುವ ಯಂತ್ರ - ಮೊದಲ ನೋಟದಲ್ಲಿ ಕಂಡದ್ದು, ಕಾಣದೆ ಉಳಿದದ್ದು

ಸಂತೆಯಲ್ಲಿ ಎತ್ತು ಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದು ಕೊಂಬು, ಮೈಬಣ್ಣ, ನಡಿಗೆಯ ಠೀವಿ. ನೊಗಕ್ಕೆ ಕಟ್ಟಿ ಒಂದು ಮಳೆಗಾಲ ಕಳೆದ ಮೇಲೆ ಗೊತ್ತಾಗುವ ಸಂಗತಿಗಳೇ ಬೇರೆ. ಯಂತ್ರಗಳ ವಿಷಯವೂ ಇದಕ್ಕೆ ಹೊರತಲ್ಲ. ಹೊಸ ಯಂತ್ರ ಪೇಟೆಗೆ ಬಂದ ವಾರ ಎಲ್ಲರೂ ಅದರ ಬಗ್ಗೆ ಮಾತನಾಡುತ್ತಾರೆ. ಆ ಮಾತಿನಲ್ಲಿ ಎಷ್ಟು ಉಳಿಯಿತು, ಎಷ್ಟು ಹಾರಿಹೋಯಿತು ಎಂದು ತೂಗಿ ನೋಡುವವರು ಕಡಿಮೆ. ಹಾಗೆ ತೂಗಿ ನೋಡಲು ಒಳ್ಳೆಯ ಉದಾಹರಣೆ ಎಂದರೆ 2006ರ ಕೊನೆಯಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಬಿಡುಗಡೆ ಮಾಡಿದ ‘ವೀ’ ಎಂಬ ವಿಡಿಯೋ ಗೇಮ್ ಯಂತ್ರ.

ಟಿವಿಗೆ ಜೋಡಿಸಿ ಆಡುವ ಇಂಥ ಯಂತ್ರಕ್ಕೆ ‘ಕನ್ಸೋಲ್’ ಎಂದು ಹೆಸರು. ವೀ ಕನ್ಸೋಲ್ ಜಗತ್ತಿನಾದ್ಯಂತ ಒಟ್ಟು 10 ಕೋಟಿ 16 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ತನ್ನ ಕಾಲದ ಕನ್ಸೋಲ್‌ಗಳ ಪೈಕಿ ಎಲ್ಲಕ್ಕಿಂತ ಕಡಿಮೆ ಶಕ್ತಿಯದ್ದು ಇದೇ, ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದೂ ಇದೇ! ಇದು ಹೇಗೆ ಸಾಧ್ಯವಾಯಿತು, ಮೊದಲ ಬಾರಿ ಕೈಗೆತ್ತಿಕೊಂಡವರಿಗೆ ಏನು ಅನಿಸಿತು, ಆ ಅನಿಸಿಕೆ ಎಷ್ಟು ದಿನ ನಿಂತಿತು ಎಂಬ ವಿವರ ಇಲ್ಲಿದೆ.

ಇಸ್ಪೀಟಿನಿಂದ ಟಿವಿ ಆಟಕ್ಕೆ

ನಿಂಟೆಂಡೊ ಮೂಲತಃ ಎಲೆಕ್ಟ್ರಾನಿಕ್ ಕಂಪನಿಯೇ ಅಲ್ಲ. 1889ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಫುಸಾಜಿರೊ ಯಮಾವುಚಿ ಎಂಬವರು ‘ಹನಾಫುಡ’ ಎಂಬ ಹೂವಿನ ಚಿತ್ರಗಳ ಆಟದ ಎಲೆಗಳನ್ನು ತಯಾರಿಸಲು ಇದನ್ನು ಆರಂಭಿಸಿದರು. ನಮ್ಮ ಇಸ್ಪೀಟಿನಂತೆ ಅದೂ ಕೈಯಲ್ಲಿ ಹಿಡಿದು ಆಡುವ ಆಟ. ಎಲೆಕ್ಟ್ರಾನಿಕ್ ಆಟಗಳ ಕಡೆಗೆ ಈ ಕಂಪನಿ ಹೊರಳಿದ್ದು 1970ರ ದಶಕದಲ್ಲಿ. 1983ರಲ್ಲಿ ಬಂದ ‘ಫ್ಯಾಮಿಕಾಮ್’ ಕನ್ಸೋಲ್ ಅದನ್ನು ಜಗತ್ತಿಗೆ ಪರಿಚಯಿಸಿತು.

1990ರ ದಶಕದಲ್ಲಿ ನಮ್ಮ ಊರು ಪಟ್ಟಣಗಳ ಮನೆಗಳಲ್ಲಿ ‘ಟಿವಿ ಗೇಮ್’ ಎಂದು ಕರೆಯುತ್ತಿದ್ದ, ಹಳದಿ ಬಣ್ಣದ ‘ಕ್ಯಾಸೆಟ್’ ಸಿಕ್ಕಿಸಿ ಮಾರಿಯೋ ಆಡುತ್ತಿದ್ದ ಪೆಟ್ಟಿಗೆ ಅನೇಕರಿಗೆ ನೆನಪಿರಬಹುದು. ಅವುಗಳಲ್ಲಿ ಹೆಚ್ಚಿನವು ಇದೇ ಫ್ಯಾಮಿಕಾಮ್‌ನ ನಕಲುಗಳು. ಅಂದರೆ ನಿಂಟೆಂಡೊ ಹೆಸರು ಕೇಳದಿದ್ದವರೂ ಅದರ ಆಟವನ್ನು ಆಡಿದವರೇ.

ಆದರೆ ಹೊಸ ಶತಮಾನದ ಆರಂಭದಲ್ಲಿ ಕಂಪನಿಯ ಸ್ಥಿತಿ ಅಷ್ಟು ಚೆನ್ನಾಗಿರಲಿಲ್ಲ. 2000ದಲ್ಲಿ ಬಂದ ಸೋನಿ ಕಂಪನಿಯ ಪ್ಲೇಸ್ಟೇಶನ್-2 ಮುಂದೆ ನಿಂಟೆಂಡೊದ ‘ಗೇಮ್‌ಕ್ಯೂಬ್’ ಮಂಕಾಯಿತು. ಪ್ಲೇಸ್ಟೇಶನ್-2 ತನ್ನ ಒಟ್ಟು ಅವಧಿಯಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದರೆ ಗೇಮ್‌ಕ್ಯೂಬ್ ಮಾರಾಟವಾದದ್ದು ಸುಮಾರು 2 ಕೋಟಿ 17 ಲಕ್ಷ ಮಾತ್ರ. ಇನ್ನೊಂದು ಕಡೆ ಮೈಕ್ರೋಸಾಫ್ಟ್ ಕಂಪನಿಯೂ ಎಕ್ಸ್‌ಬಾಕ್ಸ್ ಹೆಸರಿನಲ್ಲಿ ಕಣಕ್ಕಿಳಿದಿತ್ತು.

2002ರಲ್ಲಿ ನಿಂಟೆಂಡೊ ಅಧ್ಯಕ್ಷರಾದ ಸಟೊರು ಇವಾಟ ಸ್ವತಃ ಆಟಗಳ ಪ್ರೋಗ್ರಾಂ ಬರೆದು ಮೇಲೆ ಬಂದವರು. ಅವರ ಮುಂದಿದ್ದ ಪ್ರಶ್ನೆ ಸರಳವಾಗಿತ್ತು. ಆಡುವವರನ್ನು ಇನ್ನಷ್ಟು ಬೆರಗುಗೊಳಿಸುವ ಚಿತ್ರಗಳ ಪೈಪೋಟಿಗೆ ಇಳಿಯುವುದೇ? ಅಥವಾ ಇದುವರೆಗೆ ಆಡದೇ ಇದ್ದವರನ್ನು ಕರೆಯುವುದೇ? ಇವಾಟ ಮತ್ತು ಮಾರಿಯೋ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಆರಿಸಿಕೊಂಡದ್ದು ಎರಡನೇ ದಾರಿಯನ್ನು.

ಇದು ಹೊಸದಾಗಿ ಹುಟ್ಟಿದ ಆಲೋಚನೆಯೂ ಅಲ್ಲ. ಇದೇ ಕಂಪನಿಯಲ್ಲಿದ್ದ ಗುನ್‌ಪೆ ಯೊಕೊಯಿ ಎಂಬ ಎಂಜಿನಿಯರ್, ಹಳತಾಗಿ ಅಗ್ಗವಾದ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಬೇಕು ಎಂದು ಪ್ರತಿಪಾದಿಸಿದವರು. 1989ರ ‘ಗೇಮ್ ಬಾಯ್’ ಅದೇ ತತ್ವದ ಫಲ. ವೀ ಕೂಡ ಅದೇ ಜಾಡಿನಲ್ಲಿ ಬಂದ ಯಂತ್ರ.

ಟಿವಿ ತೋರಿಸದ ಪ್ರಾತ್ಯಕ್ಷಿಕೆ

2005ರ ಸೆಪ್ಟೆಂಬರ್ 16ರಂದು ಟೋಕಿಯೋ ಗೇಮ್ ಶೋ ಸಂದರ್ಭದಲ್ಲಿ ಇವಾಟ ಅವರು ಹೊಸ ಯಂತ್ರದ ಕೈಹಿಡಿಕೆಯನ್ನು ಮೊದಲ ಬಾರಿಗೆ ಪ್ರದರ್ಶಿಸಿದರು. ಆಗ ಯಂತ್ರದ ಗುಪ್ತನಾಮ ‘ರೆವಲ್ಯೂಶನ್’. ನೆರೆದವರು ಎರಡೂ ಕೈಯಲ್ಲಿ ಹಿಡಿಯುವ, ಹತ್ತಾರು ಗುಂಡಿಗಳಿರುವ ಹಿಡಿಕೆಯ ನಿರೀಕ್ಷೆಯಲ್ಲಿದ್ದರು. ಇವಾಟ ತೋರಿಸಿದ್ದು ಟಿವಿ ರಿಮೋಟ್‌ನಂಥ ಒಂದು ಉದ್ದನೆಯ ಕಡ್ಡಿಯನ್ನು!

ಜೊತೆಗೆ ತೋರಿಸಿದ ವಿಡಿಯೋ ಇನ್ನೂ ವಿಚಿತ್ರವಾಗಿತ್ತು. ಅದರಲ್ಲಿ ಆಟವೇ ಕಾಣುತ್ತಿರಲಿಲ್ಲ. ಟಿವಿ ಪರದೆಯ ಕಡೆಯಿಂದ ಕಾಣುವಂತೆ ಜನ ಕಾಣುತ್ತಿದ್ದರು. ಕೈ ಬೀಸುವವರು, ಬಗ್ಗುವವರು, ನಗುವವರು. ಯಂತ್ರದ ಶಕ್ತಿಯನ್ನಲ್ಲ, ಅದರ ಮುಂದೆ ನಿಂತವರನ್ನು ನೋಡಿ ಎಂಬುದೇ ಕಂಪನಿಯ ಸಂದೇಶವಾಗಿತ್ತು.

2006ರ ಏಪ್ರಿಲ್ 27ರಂದು ‘ವೀ’ ಎಂಬ ಅಂತಿಮ ಹೆಸರು ಹೊರಬಿತ್ತು. ಇಂಗ್ಲಿಷಿನಲ್ಲಿ ‘ನಾವು’ ಎಂಬ ಅರ್ಥದ ಪದದ ಉಚ್ಚಾರವೇ ಇದಕ್ಕೂ. ಬರೆಯುವಾಗ ಕೊನೆಯಲ್ಲಿ ಬರುವ ಎರಡು ‘ಐ’ ಅಕ್ಷರಗಳು ಅಕ್ಕಪಕ್ಕ ನಿಂತ ಇಬ್ಬರು ಮನುಷ್ಯರಂತೆ ಕಾಣುತ್ತವೆ ಎಂಬುದು ಕಂಪನಿಯ ವಿವರಣೆ. ಯಾವ ದೇಶದವರ ನಾಲಿಗೆಗೂ ತೊಡಕಾಗಬಾರದು ಎಂಬ ಉದ್ದೇಶವೂ ಇತ್ತು. ಆದರೆ ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ಆ ಸದ್ದಿಗೆ ಮಕ್ಕಳ ಮೂತ್ರ ವಿಸರ್ಜನೆ ಎಂಬ ಅರ್ಥವೂ ಇರುವುದರಿಂದ ಕೆಲವು ವಾರ ಬೇಕಾದಷ್ಟು ನಗೆಚಾಟಿಕೆ ನಡೆಯಿತು. ಅದೇ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಇ-ತ್ರೀ ಮೇಳದಲ್ಲಿ ಇವಾಟ, ಮಿಯಾಮೊಟೊ ಮುಂತಾದವರು ವೇದಿಕೆಯ ಮೇಲೆ ನಿಂತು ಟೆನಿಸ್ ಆಡಿ ತೋರಿಸಿದರು. ಯಂತ್ರವನ್ನು ಮುಟ್ಟಿ ನೋಡಲು ಉದ್ದದ ಸಾಲು ನಿಂತಿತು. ಹೆಸರಿನ ತಮಾಷೆ ಅಲ್ಲಿಗೆ ಮುಗಿಯಿತು.

ಪೆಟ್ಟಿಗೆ ತೆರೆದಾಗ

ವೀ ಮೊದಲು ಬಿಡುಗಡೆಯಾದದ್ದು ಅಮೆರಿಕದಲ್ಲಿ, 2006ರ ನವೆಂಬರ್ 19ರಂದು. ಜಪಾನಿನಲ್ಲಿ ಡಿಸೆಂಬರ್ 2ರಂದು, ಯುರೋಪಿನಲ್ಲಿ ಡಿಸೆಂಬರ್ 8ರಂದು ಮಾರಾಟ ಆರಂಭವಾಯಿತು. ಅಮೆರಿಕದಲ್ಲಿ ಬೆಲೆ 249.99 ಡಾಲರ್. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 11 ಸಾವಿರ ರೂಪಾಯಿ. ಕೇವಲ ಎರಡು ದಿನ ಮೊದಲು, ನವೆಂಬರ್ 17ರಂದು, ಅದೇ ಅಮೆರಿಕದಲ್ಲಿ ಬಿಡುಗಡೆಯಾದ ಸೋನಿಯ ಪ್ಲೇಸ್ಟೇಶನ್-3ರ ಬೆಲೆ 499 ಮತ್ತು 599 ಡಾಲರ್ ಆಗಿತ್ತು.

ಪೆಟ್ಟಿಗೆ ತೆರೆದವರಿಗೆ ಮೊದಲು ಅಚ್ಚರಿ ತಂದದ್ದು ಯಂತ್ರದ ಗಾತ್ರ. ಮೂರು ಡಿವಿಡಿ ಡಬ್ಬಗಳನ್ನು ಒಂದರ ಮೇಲೊಂದು ಇಟ್ಟಷ್ಟೇ ಇರಬೇಕು ಎಂದು ವಿನ್ಯಾಸದ ಹಂತದಲ್ಲೇ ತೀರ್ಮಾನವಾಗಿತ್ತು. ದಪ್ಪ 44 ಮಿಲಿಮೀಟರ್, ತೂಕ ಸುಮಾರು 1.2 ಕಿಲೋ. ಬಿಳಿ ಬಣ್ಣ. ಮುಂಭಾಗದ ಸೀಳಿನಲ್ಲಿ ಡಿಸ್ಕ್ ತೂರಿಸಿದರೆ ನೀಲಿ ಬೆಳಕು ಬೆಳಗುತ್ತಿತ್ತು. ಆಡುವಾಗ ಅದು ಬಳಸುವ ವಿದ್ಯುತ್ ಸುಮಾರು 18 ವ್ಯಾಟ್. ಮನೆಯ ಒಂದು ಟ್ಯೂಬ್‌ಲೈಟ್‌ಗೆ ಬೇಕಾಗುವುದಕ್ಕಿಂತಲೂ ಕಡಿಮೆ.

ಪೆಟ್ಟಿಗೆಯೊಳಗೆ ಕನ್ಸೋಲ್ ಜೊತೆ ಒಂದು ರಿಮೋಟ್, ಅದಕ್ಕೆ ತಂತಿಯಿಂದ ಜೋಡಿಸುವ ‘ನುಂಚಕ್’ ಎಂಬ ಎಡಗೈ ಹಿಡಿಕೆ, ಟಿವಿಯ ಮೇಲೆ ಅಥವಾ ಕೆಳಗೆ ಇಡುವ ಒಂದು ಸಪೂರ ಪಟ್ಟಿ, ಜಪಾನಿನ ಹೊರಗೆ ಹೆಚ್ಚಿನ ಕಡೆ ‘ವೀ ಸ್ಪೋರ್ಟ್ಸ್’ ಎಂಬ ಆಟದ ಡಿಸ್ಕ್ ಇರುತ್ತಿತ್ತು. ಜಪಾನಿನಲ್ಲಿ ಆ ಡಿಸ್ಕನ್ನು ಪ್ರತ್ಯೇಕವಾಗಿ ಕೊಳ್ಳಬೇಕಿತ್ತು.

ರಿಮೋಟ್ ಕೆಲಸ ಮಾಡುವ ಬಗೆ

ಕೈ ಬೀಸಿದ್ದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ? ಮೊದಲ ಬಾರಿ ನೋಡಿದವರೆಲ್ಲ ಕೇಳಿದ ಪ್ರಶ್ನೆ ಇದು. ಉತ್ತರ ಎರಡು ಭಾಗಗಳಲ್ಲಿದೆ.

ಮೊದಲನೆಯದು ರಿಮೋಟ್ ಒಳಗಿರುವ ಆಕ್ಸೆಲರೋಮೀಟರ್ ಎಂಬ ಪುಟ್ಟ ಚಿಪ್. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಂಡೊಂದು ಅಷ್ಟೇ ಸಣ್ಣ ಸ್ಪ್ರಿಂಗ್‌ಗಳ ಮೇಲೆ ನೇತಾಡುತ್ತಿರುತ್ತದೆ. ಬಸ್ಸು ದಿಢೀರ್ ಬ್ರೇಕ್ ಹಾಕಿದಾಗ ನಿಂತಿದ್ದವರು ಮುಂದಕ್ಕೆ ವಾಲುವಂತೆ, ಕೈ ಬೀಸಿದಾಗ ಈ ತುಂಡು ವಾಲುತ್ತದೆ. ಎಷ್ಟು ವಾಲಿತು, ಯಾವ ದಿಕ್ಕಿಗೆ ವಾಲಿತು ಎಂಬುದನ್ನು ಚಿಪ್ ಅಳೆದು ಕನ್ಸೋಲ್‌ಗೆ ಬ್ಲೂಟೂತ್ ಮೂಲಕ ತಿಳಿಸುತ್ತದೆ. ಮೊಬೈಲನ್ನು ಅಡ್ಡ ತಿರುಗಿಸಿದಾಗ ಚಿತ್ರವೂ ಅಡ್ಡವಾಗುವುದು ಇದೇ ಬಗೆಯ ಚಿಪ್‌ನಿಂದ.

ಎರಡನೆಯದು ರಿಮೋಟ್ ತುದಿಯಲ್ಲಿರುವ ಸಣ್ಣ ಕ್ಯಾಮೆರಾ. ಅದು ನೋಡುವುದು ಟಿವಿ ಬಳಿಯ ಪಟ್ಟಿಯಿಂದ ಹೊರಡುವ, ಮನುಷ್ಯನ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು. ಪಟ್ಟಿಯ ಎರಡು ತುದಿಗಳ ಎರಡು ಬೆಳಕಿನ ಚುಕ್ಕೆಗಳು ಕ್ಯಾಮೆರಾದಲ್ಲಿ ಎಲ್ಲಿ ಕಾಣುತ್ತವೆ ಎಂಬುದರ ಲೆಕ್ಕದಿಂದ ರಿಮೋಟ್ ಪರದೆಯ ಯಾವ ಜಾಗವನ್ನು ತೋರುತ್ತಿದೆ ಎಂಬುದು ಗೊತ್ತಾಗುತ್ತದೆ.

ಆ ಪಟ್ಟಿಗೆ ಕಂಪನಿ ಇಟ್ಟ ಹೆಸರು ‘ಸೆನ್ಸರ್ ಬಾರ್’. ವಾಸ್ತವದಲ್ಲಿ ಅದು ಏನನ್ನೂ ಗ್ರಹಿಸುವುದಿಲ್ಲ, ಬರೀ ಎರಡು ದೀಪ. ಪಟ್ಟಿ ಹಾಳಾದವರು ಟಿವಿ ಮುಂದೆ ಎರಡು ಮೇಣದ ಬತ್ತಿ ಹಚ್ಚಿಟ್ಟು ರಿಮೋಟ್ ಬಳಸಿದ್ದೂ ಉಂಟು. ಮೇಣದ ಬತ್ತಿಯ ಜ್ವಾಲೆಯಲ್ಲಿಯೂ ಇನ್‌ಫ್ರಾರೆಡ್ ಬೆಳಕು ಇರುವುದರಿಂದ ಅದು ಕೆಲಸ ಮಾಡುತ್ತಿತ್ತು.

ಇದನ್ನೇ ತಿರುಗುಮುರುಗು ಮಾಡಿದವರೂ ಇದ್ದಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಜಾನಿ ಚುಂಗ್ ಲೀ 2007ರಲ್ಲಿ ವೀ ರಿಮೋಟನ್ನು ಒಂದೆಡೆ ಸ್ಥಿರವಾಗಿ ಇಟ್ಟು, ಇನ್‌ಫ್ರಾರೆಡ್ ದೀಪವಿರುವ ಪೆನ್ನಿನಿಂದ ಗೋಡೆಯ ಮೇಲೆ ಬರೆದರೆ ಕಂಪ್ಯೂಟರಿನಲ್ಲಿ ಮೂಡುವಂತೆ ಮಾಡಿ ತೋರಿಸಿದರು. ಸಾವಿರಾರು ಡಾಲರ್ ಬೆಲೆಯ ಶಾಲಾ ಎಲೆಕ್ಟ್ರಾನಿಕ್ ಬೋರ್ಡ್ ಮಾಡುವ ಕೆಲಸದ ಬಹುಭಾಗವನ್ನು ಸುಮಾರು 40 ಡಾಲರ್‌ನ ಆಟದ ರಿಮೋಟ್ ಮಾಡಿತು.

ಮೊದಲ ಆಟ, ಮೊದಲ ಅನಿಸಿಕೆ

ವೀ ಸ್ಪೋರ್ಟ್ಸ್ ಡಿಸ್ಕಿನಲ್ಲಿ ಐದು ಆಟಗಳಿದ್ದವು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್ ಮತ್ತು ಬಾಕ್ಸಿಂಗ್. ಆಟಗಾರನ ಮುಖವನ್ನು ಹೋಲುವ ‘ಮೀ’ ಎಂಬ ಗೊಂಬೆಯನ್ನು ಮೊದಲು ರಚಿಸಿಕೊಳ್ಳಬಹುದು. ಗೊಂಬೆಗಳಿಗೆ ಕಾಲೂ ಇರಲಿಲ್ಲ ಎನ್ನುವಷ್ಟು ಸರಳ ಚಿತ್ರ. ಟೆನಿಸ್‌ನಲ್ಲಿ ಗೊಂಬೆ ತಾನೇ ಓಡಾಡುತ್ತದೆ, ಆಡುವವರು ಮಾಡಬೇಕಾದದ್ದು ಸಮಯಕ್ಕೆ ಸರಿಯಾಗಿ ಕೈ ಬೀಸುವುದು ಮಾತ್ರ.

ಇದರ ಪರಿಣಾಮ ದೊಡ್ಡದು. ಅದುವರೆಗಿನ ಕನ್ಸೋಲ್ ಆಟಗಳಲ್ಲಿ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಕಲಿಯಲು ದಿನಗಳೇ ಬೇಕಿದ್ದವು. ಮಕ್ಕಳು ಕಲಿಯುತ್ತಿದ್ದರು, ಹಿರಿಯರು ದೂರ ಕುಳಿತು ನೋಡುತ್ತಿದ್ದರು. ಇಲ್ಲಿ ಹಾಗಲ್ಲ. ಚಿನ್ನಿದಾಂಡು ಆಡಿದ ಕೈಗೆ ಬೇಸ್‌ಬಾಲ್ ದಾಂಡು ಬೀಸಲು ಪಾಠ ಬೇಡ. ಸೂಚನೆಯ ಭಾಷೆ ಗೊತ್ತಿಲ್ಲದಿದ್ದರೂ ಎದುರಿನವರು ಬೀಸಿದ್ದನ್ನು ನೋಡಿ ತಾನೂ ಬೀಸಬಹುದು. ಅಮೆರಿಕದ ಯಂತ್ರದಲ್ಲಿದ್ದದ್ದು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮಾತ್ರ. ಆದರೆ ಬೌಲಿಂಗ್ ಚೆಂಡು ಎಸೆಯಲು ಆ ಮೂರರಲ್ಲಿ ಒಂದೂ ಬೇಕಿರಲಿಲ್ಲ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ಊರಿನವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಬಿಡುಗಡೆಯ ಮೊದಲ ಎಂಟು ದಿನಗಳಲ್ಲಿ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ 6 ಲಕ್ಷಕ್ಕೂ ಹೆಚ್ಚು, ಯುರೋಪಿನಲ್ಲಿ ಮೊದಲ ಎರಡೇ ದಿನಗಳಲ್ಲಿ 3 ಲಕ್ಷದ 25 ಸಾವಿರ ಯಂತ್ರಗಳು ಮಾರಾಟವಾದವೆಂದು ಕಂಪನಿ ಪ್ರಕಟಿಸಿತು. 2007ರ ಉದ್ದಕ್ಕೂ ಅಂಗಡಿಗಳಲ್ಲಿ ದಾಸ್ತಾನು ಸಾಕಾಗಲಿಲ್ಲ.

ದಾರ ಹರಿದ ಕಥೆ

ಉತ್ಸಾಹದ ಮೊದಲ ಬೆಲೆ ತೆತ್ತದ್ದು ಟಿವಿಗಳು. ರಿಮೋಟ್ ಕೈತಪ್ಪದಂತೆ ಮಣಿಕಟ್ಟಿಗೆ ಸಿಕ್ಕಿಸಲು ಒಂದು ದಾರ ಇತ್ತು. ಜನ ನಿಜವಾಗಿಯೂ ಚೆಂಡು ಎಸೆಯುವಂತೆ ಕೈ ಬೀಸತೊಡಗಿದರು. ಬೆವರಿದ ಕೈಯಿಂದ ರಿಮೋಟ್ ಜಾರಿತು, ದಾರ ಹರಿಯಿತು, ರಿಮೋಟ್ ಹೋಗಿ ಟಿವಿಗೋ ಕಿಟಕಿ ಗಾಜಿಗೋ ಪಕ್ಕದವರ ಮುಖಕ್ಕೋ ಬಡಿಯಿತು.

ಬಿಡುಗಡೆಯಾಗಿ ಒಂದು ತಿಂಗಳು ತುಂಬುವ ಮೊದಲೇ, 2006ರ ಡಿಸೆಂಬರ್ ಮಧ್ಯದಲ್ಲಿ, ನಿಂಟೆಂಡೊ ಸುಮಾರು 32 ಲಕ್ಷ ದಾರಗಳನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಘೋಷಿಸಿತು. ಹಳೆಯ ದಾರದ ದಪ್ಪ 0.6 ಮಿಲಿಮೀಟರ್, ಹೊಸದರ ದಪ್ಪ 1 ಮಿಲಿಮೀಟರ್. ವ್ಯತ್ಯಾಸ ಅರ್ಧ ಮಿಲಿಮೀಟರಿಗೂ ಕಡಿಮೆ! 2007ರ ಅಕ್ಟೋಬರಿನಲ್ಲಿ ರಿಮೋಟ್‌ಗೆ ತೊಡಿಸುವ ಮೆತ್ತನೆಯ ಸಿಲಿಕೋನ್ ಕವಚವನ್ನೂ ಉಚಿತವಾಗಿ ಹಂಚಲಾಯಿತು.

ನೋವು ಟಿವಿಗೆ ಮಾತ್ರ ಸೀಮಿತವಾಗಲಿಲ್ಲ. 2007ರಲ್ಲಿ ಸ್ಪೇನಿನ ವೈದ್ಯರೊಬ್ಬರು ಪ್ರತಿಷ್ಠಿತ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಗೆ ಒಂದು ಪತ್ರ ಬರೆದರು. ಗಂಟೆಗಟ್ಟಲೆ ವೀ ಟೆನಿಸ್ ಆಡಿದ ಮೇಲೆ ಭುಜದ ಸ್ನಾಯು ನೋವು ಕಾಣಿಸಿಕೊಂಡ ಪ್ರಕರಣ ಅದು. ರೋಗಿ ಬೇರಾರೂ ಅಲ್ಲ, ಸ್ವತಃ ಆ ವೈದ್ಯರೇ. ನಿಜವಾದ ಟೆನಿಸ್‌ನಲ್ಲಿ ಚೆಂಡು ತರಲು ಹೋಗುವಾಗ, ದಣಿವಾದಾಗ ಕೈಗೆ ವಿಶ್ರಾಂತಿ ಸಿಗುತ್ತದೆ. ಪರದೆಯ ಟೆನಿಸ್‌ನಲ್ಲಿ ಅಂಥ ಬಿಡುವು ಕಡಿಮೆ.

ಮೊದಲ ದಿನಗಳ ಆಕ್ಷೇಪ

ಹೊಗಳಿಕೆಯ ನಡುವೆ ಆಕ್ಷೇಪಗಳೂ ಇದ್ದವು. ಅವು ಸುಳ್ಳೇನೂ ಅಲ್ಲ. ಪ್ಲೇಸ್ಟೇಶನ್-3 ಮತ್ತು ಎಕ್ಸ್‌ಬಾಕ್ಸ್-360 ಹೈಡೆಫಿನಿಶನ್ ಚಿತ್ರ ನೀಡುತ್ತಿದ್ದರೆ ವೀ ನೀಡುತ್ತಿದ್ದದ್ದು ಹಳೆಯ ಟಿವಿಗಳ ಮಟ್ಟದ, ಗರಿಷ್ಠ 480 ಗೆರೆಗಳ ಚಿತ್ರ. ಒಳಗಿನ ಪ್ರೊಸೆಸರ್ ಹಿಂದಿನ ಗೇಮ್‌ಕ್ಯೂಬ್‌ನದೇ ವಂಶದ್ದು. ಆಟಗಳನ್ನು ಉಳಿಸಿಡಲು ಇದ್ದ ಸ್ಮರಣೆ 512 ಮೆಗಾಬೈಟ್ ಮಾತ್ರ. ಡಿಸ್ಕ್ ಡ್ರೈವ್ ಇದ್ದರೂ ಡಿವಿಡಿ ಸಿನಿಮಾ ಓಡುತ್ತಿರಲಿಲ್ಲ.

ಗಡಿನಾಡಿನ ಓದುಗರಿಗೆ ಪರಿಚಿತವೆನಿಸುವ ಇನ್ನೊಂದು ತೊಡಕೂ ಇತ್ತು. ಈ ಯಂತ್ರಕ್ಕೂ ಗಡಿಗಳಿದ್ದವು! ಅಮೆರಿಕದ ವೀಯಲ್ಲಿ ಯುರೋಪಿನ ಆಟದ ಡಿಸ್ಕ್ ಓಡುವುದಿಲ್ಲ, ಜಪಾನಿನ ವೀಯಲ್ಲಿ ಅಮೆರಿಕದ ಡಿಸ್ಕ್ ಓಡುವುದಿಲ್ಲ. ಅಮೆರಿಕದ ಪೆಟ್ಟಿಗೆಯಲ್ಲಿ ಬರುತ್ತಿದ್ದ ವಿದ್ಯುತ್ ಅಡಾಪ್ಟರ್ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಅದು ಸುಟ್ಟುಹೋಗುತ್ತದೆ. ವಿದೇಶದಿಂದ ನೆಂಟರು ಪ್ರೀತಿಯಿಂದ ತಂದ ಯಂತ್ರ ಅಟ್ಟ ಸೇರಲು ಇಂಥ ಸಣ್ಣ ಕಾರಣ ಸಾಕು.

ಭಾರತದಲ್ಲಿ ಆಗ ಕನ್ಸೋಲ್ ಎಂದರೆ ಪ್ಲೇಸ್ಟೇಶನ್ ಹಾಗೂ ಎಕ್ಸ್‌ಬಾಕ್ಸ್ ಹೆಸರುಗಳೇ ಮುಂದಿದ್ದವು. ಎಕ್ಸ್‌ಬಾಕ್ಸ್-360 ಇಲ್ಲಿ 2006ರಲ್ಲಿ ಬಂತು. ಪ್ಲೇಸ್ಟೇಶನ್-3 2007ರ ಏಪ್ರಿಲಿನಲ್ಲಿ 39,990 ರೂಪಾಯಿ ಬೆಲೆಗೆ ಬಂತು. ವೀಯ ಹೆಸರನ್ನೂ ರೂಪವನ್ನೂ ಹೋಲುವ ನಕಲು ಯಂತ್ರಗಳಂತೂ 2007ರಲ್ಲೇ ಚೀನಾದಲ್ಲಿ ತಲೆಯೆತ್ತಿದ್ದವು.

ಹಿರಿಯರ ಕೈಗೆ ಬಂದ ಆಟ

ಮೊದಲ ನೋಟದಲ್ಲಿ ಚಿತ್ರದ ಗುಣಮಟ್ಟ ಅಳೆದವರು ಲೆಕ್ಕಕ್ಕೆ ಹಿಡಿಯದೆ ಹೋದ ಸಂಗತಿ ಇದು. 2007ರ ಆರಂಭದ ಹೊತ್ತಿಗೆ ಅಮೆರಿಕದ ವೃದ್ಧರ ವಸತಿ ತಾಣಗಳಿಂದ ಸುದ್ದಿ ಬರತೊಡಗಿತು. ಇಲಿನಾಯ್ ರಾಜ್ಯದ ಅಂಥ ಒಂದು ತಾಣದಲ್ಲಿ ಅಜ್ಜ ಅಜ್ಜಿಯರು ವೀ ಬೌಲಿಂಗ್ ಪಂದ್ಯಾವಳಿಯನ್ನೇ ನಡೆಸಿದರು. ನಿಜವಾದ ಬೌಲಿಂಗ್ ಚೆಂಡು ಎತ್ತಲು ಆಗದ ಕೈಗಳು ಹಗುರವಾದ ರಿಮೋಟ್ ಬೀಸಿ ಆಡಿದವು. ಗಾಲಿಕುರ್ಚಿಯಲ್ಲಿ ಕುಳಿತವರೂ ಆಡಿದರು.

ಆಸ್ಪತ್ರೆಗಳೂ ಕುತೂಹಲ ತೋರಿದವು. ಪಾರ್ಶ್ವವಾಯು ಬಡಿದವರ ಕೈಗೆ ಚಲನೆ ಮರಳಿಸುವ ವ್ಯಾಯಾಮಕ್ಕೆ ವೀ ಬಳಸಬಹುದೇ ಎಂದು ಕೆನಡಾದ ವೈದ್ಯರು ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ 22 ರೋಗಿಗಳ ಸಣ್ಣ ಅಧ್ಯಯನ ಆಶಾದಾಯಕವಾಗಿತ್ತು. ಮೊದಲ ನೋಟದ ಸಂತೋಷ ಅಲ್ಲೂ ಕೆಲಸ ಮಾಡಿತ್ತು.

ಆದರೆ ವೈದ್ಯರು ಅಲ್ಲಿಗೇ ನಿಲ್ಲಲಿಲ್ಲ. 141 ರೋಗಿಗಳ ದೊಡ್ಡ ಪರೀಕ್ಷೆ ನಡೆಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ವೀ, ಇನ್ನೊಂದು ಗುಂಪಿಗೆ ಇಸ್ಪೀಟು, ಚೆಂಡಾಟದಂಥ ಸಾಮಾನ್ಯ ಆಟಗಳು. ಎರಡೂ ಗುಂಪಿನವರು ಸುಧಾರಿಸಿದರು. ಆದರೆ ವೀ ಆಡಿದವರು ಇಸ್ಪೀಟು ಆಡಿದವರಿಗಿಂತ ಹೆಚ್ಚು ಸುಧಾರಿಸಲಿಲ್ಲ! ಕೈಯನ್ನು ಸತತವಾಗಿ ಕೆಲಸಕ್ಕೆ ಹಚ್ಚುವುದು ಮುಖ್ಯವೇ ಹೊರತು ಅದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ ಎಂಬುದು ಅದರ ಸಾರ. ಮನೆಯಲ್ಲಿ ಪಾರ್ಶ್ವವಾಯು ರೋಗಿ ಇರುವವರು, ಕನ್ಸೋಲ್ ಕೊಳ್ಳಲಾಗದವರು, ನೆನಪಿಡಬೇಕಾದ ಮಾತಿದು. ಎಂಥ ವ್ಯಾಯಾಮ, ಎಷ್ಟು ಹೊತ್ತು ಎಂಬುದನ್ನು ಮಾತ್ರ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಇಸ್ಪೀಟಿನಂಥ ಎಲೆ ತಯಾರಿಸುತ್ತಾ ಹುಟ್ಟಿದ ಕಂಪನಿಯ ಯಂತ್ರಕ್ಕೆ ಇಸ್ಪೀಟೇ ಸರಿಸಮ ನಿಂತದ್ದು ಕಾಕತಾಳೀಯ.

ಮೂರನೇ ವಾರ, ಮೂರನೇ ವರ್ಷ

ಮೊದಲ ದಿನ ಎಲ್ಲರೂ ಎದ್ದು ನಿಂತು ಇಡೀ ತೋಳು ಬೀಸಿದರು. ಕೆಲವು ವಾರಗಳಲ್ಲಿ ಆಟಗಾರರು ಒಂದು ಗುಟ್ಟು ಕಂಡುಕೊಂಡರು. ರಿಮೋಟ್‌ಗೆ ಗೊತ್ತಾಗುವುದು ವೇಗದ ಬದಲಾವಣೆಯೇ ಹೊರತು ಕೈಯ ಪೂರ್ತಿ ಪಥವಲ್ಲ. ಸೋಫಾದಲ್ಲಿ ಒರಗಿ ಮಣಿಕಟ್ಟನ್ನು ಚೂರು ಕುಲುಕಿದರೂ ಟೆನಿಸ್ ಚೆಂಡು ಅಷ್ಟೇ ಜೋರಾಗಿ ಹೋಗುತ್ತಿತ್ತು! ಇದನ್ನು ಸರಿಪಡಿಸಲು ಕಂಪನಿ 2009ರಲ್ಲಿ ‘ಮೋಶನ್ ಪ್ಲಸ್’ ಎಂಬ ಜೋಡಣೆಯನ್ನು ತಂದಿತು. ಅದರಲ್ಲಿ ತಿರುಗುವಿಕೆಯನ್ನೂ ಅಳೆಯುವ ಗೈರೋಸ್ಕೋಪ್ ಇತ್ತು. 2007ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ‘ವೀ ಫಿಟ್’, ಮೇಲೆ ಹತ್ತಿ ನಿಲ್ಲುವ ಹಲಗೆಯ ಮೂಲಕ ವ್ಯಾಯಾಮವನ್ನೇ ಆಟವಾಗಿಸಲು ಯತ್ನಿಸಿತು.

ಮಾರಾಟದ ಅಂಕಿಗಳು ಉಳಿದ ಕಥೆಯನ್ನು ಹೇಳುತ್ತವೆ. 2009ರ ಮಾರ್ಚಿಗೆ ಮುಗಿದ ವರ್ಷದಲ್ಲಿ 2 ಕೋಟಿ 59 ಲಕ್ಷ ವೀ ಯಂತ್ರಗಳು ಮಾರಾಟವಾದವು. ಅದೇ ಶಿಖರ. 2012ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಅದು ಒಂದು ಕೋಟಿಗಿಂತ ಕೆಳಗಿಳಿಯಿತು. ಬೌಲಿಂಗ್ ಆಡಲು ಕೊಂಡ ಅನೇಕ ಮನೆಗಳು ಅದರಾಚೆ ಹೊಸ ಆಟ ಕೊಳ್ಳಲಿಲ್ಲ. ಪ್ರತಿಸ್ಪರ್ಧಿಗಳೂ ಸುಮ್ಮನಿರಲಿಲ್ಲ. 2010ರಲ್ಲಿ ಸೋನಿ ‘ಮೂವ್’, ಮೈಕ್ರೋಸಾಫ್ಟ್ ‘ಕಿನೆಕ್ಟ್’ ಎಂಬ ಚಲನೆ ಗುರುತಿಸುವ ಸಾಧನಗಳನ್ನು ತಂದವು. ಕೈಗೊಂದು ಸ್ಮಾರ್ಟ್‌ಫೋನ್ ಬಂದ ಮೇಲೆ ಸುಲಭದ ಆಟಕ್ಕೆ ಪ್ರತ್ಯೇಕ ಯಂತ್ರದ ಅಗತ್ಯವೂ ಕಡಿಮೆಯಾಯಿತು.

2012ರ ನವೆಂಬರಿನಲ್ಲಿ ಬಂದ ಉತ್ತರಾಧಿಕಾರಿ ‘ವೀ-ಯು’ ಮಾರಾಟವಾದದ್ದು ಕೇವಲ 1 ಕೋಟಿ 35 ಲಕ್ಷ. ಅದು ಹೊಸ ಯಂತ್ರವೋ, ಹಳೆಯದಕ್ಕೆ ಜೋಡಿಸುವ ಬಿಡಿಭಾಗವೋ ಎಂಬುದೇ ಬಹಳ ಜನರಿಗೆ ತಿಳಿಯಲಿಲ್ಲ. ಜಪಾನಿನಲ್ಲಿ 2013ರ ಅಕ್ಟೋಬರಿನಲ್ಲಿ ವೀ ತಯಾರಿಕೆ ನಿಂತಿತು. 2014ರ ಮೇ ತಿಂಗಳಲ್ಲಿ ಇಂಟರ್‌ನೆಟ್ ಮೂಲಕ ಆಡುವ ಸೌಲಭ್ಯ ನಿಂತಿತು. 2019ರ ಜನವರಿಯಲ್ಲಿ ಅದರ ಆನ್‌ಲೈನ್ ಅಂಗಡಿ ಮುಚ್ಚಿತು. ಯಂತ್ರದ ಹಿಂದಿನ ಪ್ರೇರಣೆಯಾಗಿದ್ದ ಇವಾಟ 2015ರ ಜುಲೈ 11ರಂದು, 55ರ ವಯಸ್ಸಿನಲ್ಲಿ ನಿಧನರಾದರು. 2017ರ ಮಾರ್ಚಿನಲ್ಲಿ ಬಂದ ‘ಸ್ವಿಚ್’ ಕನ್ಸೋಲ್ ನಿಂಟೆಂಡೊವನ್ನು ಮತ್ತೆ ಮೇಲೆತ್ತಿತು. ಅದರ ಕೈಹಿಡಿಕೆಗಳಲ್ಲಿ ವೀ ಕಲಿಸಿದ ಚಲನೆಯ ಪಾಠ ಈಗಲೂ ಉಳಿದಿದೆ.

ಮೊದಲ ನೋಟ ಏನನ್ನು ಹೇಳುತ್ತದೆ?

ವೀ ಕಥೆಯಿಂದ ಒಂದು ಮಾತು ಸ್ಪಷ್ಟ. ‘ಇದನ್ನು ಯಾರು ಯಾರು ಬಳಸಬಲ್ಲರು?’ ಎಂಬ ಪ್ರಶ್ನೆಗೆ ಮೊದಲ ದಿನವೇ ಸರಿಯಾದ ಉತ್ತರ ಸಿಗುತ್ತದೆ. ಮನೆಯ ಎಷ್ಟು ಜನ ಕೇಳದೆಯೇ ಕೈಚಾಚಿದರು ಎಂದು ನೋಡಿದರಾಯಿತು. ಶಕ್ತಿಯ ಅಂಕಿಗಳನ್ನಷ್ಟೇ ಎಣಿಸಿದವರು 2006ರಲ್ಲಿ ಎಡವಿದ್ದು ಇಲ್ಲಿಯೇ. ಆದರೆ ‘ಇದನ್ನು ಎಷ್ಟು ದಿನ ಬಳಸುತ್ತಾರೆ?’ ಎಂಬ ಪ್ರಶ್ನೆಗೆ ಮೊದಲ ದಿನದ ಬಳಿ ಉತ್ತರವಿಲ್ಲ. ಅದನ್ನು ಹೇಳಬಲ್ಲದ್ದು ಕಾಲ ಮಾತ್ರ. ಬಿಡುಗಡೆಯ ವಾರದ ಸಂಭ್ರಮ ನಂಬಿ ಭವಿಷ್ಯ ಹೇಳಿದವರು ಎಡವಿದ್ದು ಅಲ್ಲಿ.

ಮಕ್ಕಳ ಒತ್ತಾಯಕ್ಕೆ ಇಂದು ಹೊಸ ಕನ್ಸೋಲ್ ಕೊಳ್ಳಲು ಹೊರಟವರು, ಅಥವಾ ಹೊರದೇಶದ ನೆಂಟರಿಂದ ತರಿಸುವವರು ಗಮನಿಸಬೇಕಾದ ಅಂಶಗಳು ಹೀಗಿವೆ:

- ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ ಓದಿ. 100ರಿಂದ 240 ಎಂದಿದ್ದರೆ ಇಲ್ಲಿ ನೇರವಾಗಿ ಬಳಸಬಹುದು.
- ಹೊರದೇಶದ ಯಂತ್ರದಲ್ಲಿ ಇಲ್ಲಿ ಸಿಗುವ ಆಟದ ಡಿಸ್ಕ್ ಓಡುತ್ತದೆಯೇ, ಇಲ್ಲಿ ವಾರಂಟಿ ಇದೆಯೇ ಎಂದು ಮೊದಲೇ ಕೇಳಿ.
- ಯಂತ್ರದ ಬೆಲೆಯ ಜೊತೆ ವರ್ಷಕ್ಕೆ ಕೊಳ್ಳಬೇಕಾದ ಆಟಗಳ ಬೆಲೆಯನ್ನೂ ಕೂಡಿಸಿ ನೋಡಿ.
- ಇಂಟರ್‌ನೆಟ್ ಇಲ್ಲದೆಯೂ ಆಟ ನಡೆಯುತ್ತದೆಯೇ ಎಂದು ತಿಳಿದುಕೊಳ್ಳಿ. ಕಂಪನಿಯ ಆನ್‌ಲೈನ್ ಅಂಗಡಿ ಒಂದು ದಿನ ಮುಚ್ಚುತ್ತದೆ, ಕೈಯಲ್ಲಿರುವ ಡಿಸ್ಕ್ ಉಳಿಯುತ್ತದೆ.
- ಕೈ ಬೀಸುವ ಆಟವಾದರೆ ದಾರ ಕಟ್ಟಿಕೊಳ್ಳುವುದನ್ನು ಮರೆಯಬೇಡಿ!

ಹಳೆಯ ವೀ ಯಂತ್ರಗಳು ಇಂದೂ ಕೆಲವು ಮನೆಗಳಲ್ಲಿ ಇವೆ. ಇಂಟರ್‌ನೆಟ್ ಸೇವೆಗಳು ನಿಂತಿದ್ದರೂ ವೀ ಸ್ಪೋರ್ಟ್ಸ್ ಡಿಸ್ಕ್ ತೂರಿಸಿ ರಿಮೋಟ್‌ಗೆ ಎರಡು ಪೆನ್‌ಸೆಲ್ ಹಾಕಿದರೆ ಬೌಲಿಂಗ್ ಅಂಕಣ ಎಂದಿನಂತೆ ತೆರೆದುಕೊಳ್ಳುತ್ತದೆ. ಮೊದಲ ಚೆಂಡನ್ನು ಮೊಮ್ಮಗ ಎಸೆಯಲಿ, ಅಜ್ಜಿ ಎಸೆಯಲಿ, ಕಲಿಸಿಕೊಡುವ ಅಗತ್ಯ ಇಂದಿಗೂ ಇಲ್ಲ.